ಆರೋಗ್ಯ ರಕ್ಷಣೆಗಾಗಿ ಆಸ್ತಿ ತೆರಿಗೆ

ಆರೋಗ್ಯ ರಕ್ಷಣೆಗಾಗಿ ಆಸ್ತಿ ತೆರಿಗೆ ಎಂಬುದು ಮನೆ, ನಿವೇಶನ, ಜಮೀನು, ಅಂಗಡಿ, ಕಾರ್ಖಾನೆ ಮುಂತಾದ ಸ್ಥಿರಾಸ್ತಿಗಳ ಮೇಲೆ ತೆರಿಗೆಯನ್ನು ಅಥವಾ ತೆರಿಗೆಯ ಮೇಲೆ ಹೆಚ್ಚುವರಿ ಕರವನ್ನು ವಿಧಿಸಿ, ಅದರಿಂದ ಬಂದ ಹಣವನ್ನು ಸಾರ್ವಜನಿಕ ಆಸ್ಪತ್ರೆಗಳಿಗೆ, ಬಡರೋಗಿಗಳ ಚಿಕಿತ್ಸೆಗೆ ಅಥವಾ ಸರ್ಕಾರದ ಆರೋಗ್ಯ ವಿಮಾ ಯೋಜನೆಗಳಿಗೆ ವಿನಿಯೋಗಿಸುವ ಪದ್ಧತಿ. ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳಲ್ಲಿ ಈ ಪದ್ಧತಿಯು ಕೌಂಟಿಗಳ ಮಟ್ಟದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಕರ್ನಾಟಕದಲ್ಲಿ 1962ರ ಕಾಯಿದೆಯೊಂದರ ಪ್ರಕಾರ ಭೂಕಂದಾಯ ಹಾಗೂ ಕಟ್ಟಡ ತೆರಿಗೆಗಳ ಮೇಲೆ ರಾಜ್ಯಾದ್ಯಂತ ವಿಧಿಸಲಾಗುವ ಆರೋಗ್ಯ ಕರವೂ ಇದೇ ಬಗೆಯದು.

ಆಸ್ತಿ ತೆರಿಗೆಯು ಸ್ಥಿರವಾದ ವರಮಾನವನ್ನು ಕೊಡುತ್ತದೆ. ಆದರೆ ಕಾಯಿಲೆಯು ಆಸ್ತಿಯಿರುವ ಕಡೆಗೇ ಬರುವುದಿಲ್ಲ. ಸಿರಿವಂತ ಪ್ರದೇಶದಲ್ಲಿ ಹೆಚ್ಚು ತೆರಿಗೆ ಸಂಗ್ರಹವಾಗುತ್ತದೆ, ಬಡ ಪ್ರದೇಶದಲ್ಲಿ ಹೆಚ್ಚು ಚಿಕಿತ್ಸೆ ಬೇಕಾಗುತ್ತದೆ. ಈ ಅಂತರವನ್ನು ತುಂಬುವ ಸಲುವಾಗಿ ತೆರಿಗೆಯನ್ನು ಸ್ಥಳೀಯ ಮಟ್ಟಕ್ಕೆ ಬದಲಾಗಿ ರಾಜ್ಯಮಟ್ಟದಲ್ಲಿ ವಿಧಿಸಬೇಕೆಂಬ ವಾದ ಹುಟ್ಟಿಕೊಂಡಿದೆ.

ಪರಿಕಲ್ಪನೆ

ಸರ್ಕಾರಗಳು ಆರೋಗ್ಯ ವೆಚ್ಚವನ್ನು ಸಾಮಾನ್ಯವಾಗಿ ಆದಾಯ ತೆರಿಗೆ, ಮಾರಾಟ ತೆರಿಗೆ, ವೇತನದಿಂದ ಕಡಿತವಾಗುವ ವಂತಿಗೆ, ತಂಬಾಕು ಮತ್ತು ಮದ್ಯದ ಮೇಲಿನ ಸುಂಕ ಹಾಗೂ ಆಸ್ತಿ ತೆರಿಗೆ ಇವುಗಳಿಂದ ಭರಿಸುತ್ತವೆ. ಇವುಗಳಲ್ಲಿ ಆಸ್ತಿ ತೆರಿಗೆಯು ಆದಾಯದ ಮೇಲಾಗಲಿ ವ್ಯಯದ ಮೇಲಾಗಲಿ ಬೀಳದೆ, ಸ್ವತ್ತಿನ ಮೌಲ್ಯದ ಮೇಲೆ ಬೀಳುತ್ತದೆ. ಆದ್ದರಿಂದ ಇದರ ಗುಣದೋಷಗಳು ಉಳಿದ ತೆರಿಗೆಗಳಿಗಿಂತ ಭಿನ್ನವಾಗಿವೆ.

ಇಂತಹ ಯಾವುದೇ ಯೋಜನೆಯನ್ನು ಅರಿಯಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತ.

1. ತೆರಿಗೆಯ ಹೊರೆ ಯಾರ ಮೇಲೆ ಬೀಳುತ್ತದೆ?
2. ಸಂಗ್ರಹವಾದ ಹಣವನ್ನು ಎಷ್ಟು ವಿಸ್ತಾರವಾದ ಪ್ರದೇಶದ ಜನರು ಹಂಚಿಕೊಳ್ಳುತ್ತಾರೆ?
3. ಆ ಹಣವು ಆರೋಗ್ಯಕ್ಕೇ ಸಲ್ಲುತ್ತದೆಂಬ ಖಾತರಿ ಏನು?

ಎರಡನೆಯ ಪ್ರಶ್ನೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಒಂದು ರಾಜ್ಯದಲ್ಲಿ ಸಮಾನ ಜನಸಂಖ್ಯೆಯ ಎರಡು ಕೌಂಟಿಗಳಿವೆ ಎಂದುಕೊಳ್ಳೋಣ. ಮೊದಲನೆಯದರಲ್ಲಿ ತಲಾ ಆಸ್ತಿ ಮೌಲ್ಯ 2 ಲಕ್ಷ ಡಾಲರು, ಎರಡನೆಯದರಲ್ಲಿ 50 ಸಾವಿರ ಡಾಲರು. ಎರಡೂ ಕಡೆ 100 ಡಾಲರಿಗೆ 20 ಸೆಂಟಿನಂತೆ ತೆರಿಗೆ ವಿಧಿಸಿದರೆ ಮೊದಲ ಕೌಂಟಿಗೆ ತಲಾ 400 ಡಾಲರು ದೊರೆಯುತ್ತದೆ, ಎರಡನೆಯದಕ್ಕೆ 100 ಡಾಲರು ಮಾತ್ರ. ತೆರಿಗೆಯ ದರ ಒಂದೇ ಆದರೂ ಚಿಕಿತ್ಸೆಗೆ ಸಿಗುವ ಹಣ ನಾಲ್ಕರಲ್ಲಿ ಒಂದು ಪಾಲು. ಅದೇ ತೆರಿಗೆಯನ್ನು ರಾಜ್ಯವೇ ಸಂಗ್ರಹಿಸಿ ಜನಸಂಖ್ಯೆಗೆ ಅನುಗುಣವಾಗಿ ಹಂಚಿದರೆ ಎರಡೂ ಕೌಂಟಿಗಳಿಗೆ ತಲಾ 250 ಡಾಲರು ಸಿಗುತ್ತದೆ. ರಾಜ್ಯವ್ಯಾಪಿ ತೆರಿಗೆಯ ಪರವಾದ ಮುಖ್ಯ ವಾದ ಈ ಲೆಕ್ಕದಲ್ಲಿದೆ. ಮೊದಲ ಕೌಂಟಿಯ ನಿವಾಸಿಗಳು ಅದನ್ನು ವಿರೋಧಿಸುವುದಕ್ಕೆ ಕಾರಣವೂ ಇದೇ ಲೆಕ್ಕ.

ಇತಿಹಾಸ: ಇಂಗ್ಲೆಂಡಿನ ಬಡವರ ಕಾಯಿದೆ

ಸ್ಥಿರಾಸ್ತಿಯ ಮೇಲಿನ ತೆರಿಗೆಯಿಂದ ಬಡರೋಗಿಗಳನ್ನು ನೋಡಿಕೊಳ್ಳುವ ಪದ್ಧತಿಯ ಒಂದು ಮೂಲ ಇಂಗ್ಲೆಂಡಿನ 1601ರ ಬಡವರ ಕಾಯಿದೆಯಲ್ಲಿದೆ. ಅದರ ಪ್ರಕಾರ ಪ್ರತಿಯೊಂದು ಪ್ಯಾರಿಷ್, ಅಂದರೆ ಚರ್ಚಿನ ವ್ಯಾಪ್ತಿಗೆ ಒಳಪಟ್ಟ ಸ್ಥಳೀಯ ಘಟಕ, ತನ್ನ ಎಲ್ಲೆಯೊಳಗಿನ ಭೂಮಿ ಮತ್ತು ಮನೆಗಳನ್ನು ಹೊಂದಿದವರಿಂದ ತೆರಿಗೆ ಪಡೆದು ನಿರ್ಗತಿಕರನ್ನು, ಮುದುಕರನ್ನು, ದುಡಿಯಲಾರದ ರೋಗಿಗಳನ್ನು ಪೋಷಿಸಬೇಕಾಗಿತ್ತು. ಪ್ರತಿ ಪ್ಯಾರಿಷ್ ತನ್ನ ಹಣದಿಂದಲೇ ತನ್ನವರನ್ನು ನೋಡಿಕೊಳ್ಳಬೇಕಾಗಿದ್ದುದರಿಂದ ಹೊರಗಿನ ಬಡವರನ್ನು ಗಡಿಯಾಚೆಗೆ ಸಾಗಿಸುವ ಪ್ರವೃತ್ತಿ ಬೆಳೆಯಿತು. ರೋಗಿಯು ಯಾವ ಪ್ಯಾರಿಷಿಗೆ ಸೇರಿದವನೆಂಬ ಜಗಳವೇ ಎಷ್ಟೋ ಸಲ ಚಿಕಿತ್ಸೆಗಿಂತ ಮುಂದಾಗುತ್ತಿತ್ತು.

1834ರ ತಿದ್ದುಪಡಿಯಿಂದ ಪ್ಯಾರಿಷ್‌ಗಳನ್ನು ಒಕ್ಕೂಟಗಳಾಗಿ ಸೇರಿಸಲಾಯಿತು. ಅವುಗಳ ದುಡಿಮೆ ಮನೆಗಳ ರೋಗಿಗೃಹಗಳು ಕ್ರಮೇಣ ಸಾರ್ವಜನಿಕ ಆಸ್ಪತ್ರೆಗಳಾಗಿ ರೂಪುಗೊಂಡವು. 1929ರ ಸ್ಥಳೀಯ ಸರ್ಕಾರ ಕಾಯಿದೆಯು ಅವುಗಳ ಹೊಣೆಯನ್ನು ಕೌಂಟಿ ಮತ್ತು ದೊಡ್ಡ ನಗರಗಳ ಸಭೆಗಳಿಗೆ ವರ್ಗಾಯಿಸಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾದಾಗ ಆಸ್ಪತ್ರೆಗಳು ರಾಷ್ಟ್ರದ ವಶವಾದವು. ಅವುಗಳ ವೆಚ್ಚವು ಸ್ಥಳೀಯ ಆಸ್ತಿ ತೆರಿಗೆಯಿಂದ ಬಿಡುಗಡೆಗೊಂಡು ಬಹುಮಟ್ಟಿಗೆ ಕೇಂದ್ರ ಸರ್ಕಾರದ ಸಾಮಾನ್ಯ ತೆರಿಗೆಗಳಿಗೆ ಬಂದಿತು. ಹೀಗೆ ಹಣವನ್ನು ಹಂಚಿಕೊಳ್ಳುವ ವಲಯವು ಪ್ಯಾರಿಷ್‌ನಿಂದ ಒಕ್ಕೂಟಕ್ಕೆ, ಅಲ್ಲಿಂದ ಕೌಂಟಿಗೆ, ಕೊನೆಗೆ ಇಡೀ ರಾಷ್ಟ್ರಕ್ಕೆ ಹಿಗ್ಗಲು ಮೂರೂವರೆ ಶತಮಾನ ಹಿಡಿಯಿತು.

ಅಮೆರಿಕ ಸಂಯುಕ್ತ ಸಂಸ್ಥಾನ

ಇಂಗ್ಲಿಷ್ ವಸಾಹತುಗಾರರು ಬಡವರ ಕಾಯಿದೆಯ ತತ್ತ್ವವನ್ನು ಅಮೆರಿಕಕ್ಕೆ ಕೊಂಡೊಯ್ದರು. ನಿರ್ಗತಿಕ ರೋಗಿಗಳ ಹೊಣೆ ಅಲ್ಲಿ ಊರುಗಳ ಮತ್ತು ಕೌಂಟಿಗಳ ಪಾಲಿಗೆ ಬಂದಿತು; ಅವುಗಳ ಮುಖ್ಯ ವರಮಾನವು ಆಸ್ತಿ ತೆರಿಗೆಯೇ ಆಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಇದರ ಸ್ವರೂಪ ರಾಜ್ಯದಿಂದ ರಾಜ್ಯಕ್ಕೆ ಬೇರೆಬೇರೆಯಾಯಿತು.

ಮೆಡಿಕೇಡ್ ಮತ್ತು ನ್ಯೂಯಾರ್ಕ್

1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಸಹಿ ಹಾಕಿದ ಕಾನೂನಿನಿಂದ ಎರಡು ಯೋಜನೆಗಳು ಜಾರಿಗೆ ಬಂದವು. ವೃದ್ಧರಿಗಾಗಿ ರೂಪಿಸಿದ ಮೆಡಿಕೇರ್ ಯೋಜನೆಯನ್ನು ಒಕ್ಕೂಟ ಸರ್ಕಾರವೇ ನಡೆಸುತ್ತದೆ. ಬಡವರಿಗಾಗಿ ರೂಪಿಸಿದ ಮೆಡಿಕೇಡ್ ಯೋಜನೆಯ ವೆಚ್ಚವನ್ನು ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳು ಹಂಚಿಕೊಳ್ಳುತ್ತವೆ. ಒಕ್ಕೂಟದ ಪಾಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರುವುದಿಲ್ಲ. ಬಡ ರಾಜ್ಯಗಳಿಗೆ ಹೆಚ್ಚಿರುತ್ತದೆ. ರಾಜ್ಯವು ತನ್ನ ಪಾಲಿನ ಒಂದು ಭಾಗವನ್ನು ಸ್ಥಳೀಯ ಸರ್ಕಾರಗಳಿಂದ ಪಡೆಯಲು ಕಾನೂನು ಅವಕಾಶ ಕೊಡುತ್ತದೆ.

ಈ ಅವಕಾಶವನ್ನು ಹೆಚ್ಚಾಗಿ ಬಳಸಿದ ರಾಜ್ಯ ನ್ಯೂಯಾರ್ಕ್. ಅಲ್ಲಿ ಆರಂಭದಲ್ಲಿ ವೆಚ್ಚದ ಅರ್ಧವನ್ನು ಒಕ್ಕೂಟವೂ ಉಳಿದ ಅರ್ಧವನ್ನು ರಾಜ್ಯ ಮತ್ತು ಕೌಂಟಿಗಳು ಸಮವಾಗಿಯೂ ಭರಿಸುವ ಏರ್ಪಾಡಿತ್ತು. ಯಾರಿಗೆ ಯಾವ ಚಿಕಿತ್ಸೆ ಕೊಡಬೇಕೆಂಬುದನ್ನು ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ತೀರ್ಮಾನಿಸುತ್ತಿದ್ದರು. ಅದರ ಬಿಲ್ಲಿನ ಕಾಲುಭಾಗ ಕೌಂಟಿಯ ಮನೆಮಾಲೀಕರಿಗೆ ಬರುತ್ತಿತ್ತು. ತಾವು ನಿರ್ಧರಿಸದ ವೆಚ್ಚಕ್ಕೆ ತಾವು ತೆರಿಗೆ ಏರಿಸಬೇಕಾಗಿದೆ ಎಂಬ ಕೌಂಟಿಗಳ ದೂರು ದಶಕಗಳ ಕಾಲ ನಡೆಯಿತು. ಕೌಂಟಿಗಳ ಪಾಲಿನ ಏರಿಕೆಗೆ 2005ರ ಕಾನೂನು ಮಿತಿ ಹಾಕಿತು. 2011ರಲ್ಲಿ ಸ್ಥಳೀಯ ಆಸ್ತಿ ತೆರಿಗೆಯ ವಾರ್ಷಿಕ ಏರಿಕೆಯನ್ನೇ ಶೇ. 2 ಅಥವಾ ಹಣದುಬ್ಬರದ ದರ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಸೀಮಿತಗೊಳಿಸಲಾಯಿತು. ಆ ಬಳಿಕ ಮೆಡಿಕೇಡ್ ವೆಚ್ಚದ ಹೆಚ್ಚಳವನ್ನು ರಾಜ್ಯವು ಹಂತಹಂತವಾಗಿ ತಾನೇ ವಹಿಸಿಕೊಂಡಿತು.

ಟೆಕ್ಸಾಸ್: ಆಸ್ಪತ್ರೆ ಜಿಲ್ಲೆಗಳು

ಟೆಕ್ಸಾಸ್ ರಾಜ್ಯದ ಸಂವಿಧಾನಕ್ಕೆ 1954ರಲ್ಲಿ ಮಾಡಿದ ತಿದ್ದುಪಡಿಯು ದೊಡ್ಡ ಕೌಂಟಿಗಳಲ್ಲಿ ಆಸ್ಪತ್ರೆ ಜಿಲ್ಲೆಗಳನ್ನು ಸ್ಥಾಪಿಸಲು ಅನುಮತಿ ನೀಡಿತು. ಆಸ್ಪತ್ರೆ ಜಿಲ್ಲೆ ಎಂದರೆ ಆಸ್ಪತ್ರೆ ನಡೆಸುವುದಕ್ಕಾಗಿಯೇ ಇರುವ, ತೆರಿಗೆ ವಿಧಿಸುವ ಅಧಿಕಾರವುಳ್ಳ ಪ್ರತ್ಯೇಕ ಸ್ಥಳೀಯ ಸಂಸ್ಥೆ. ಅದು 100 ಡಾಲರು ಆಸ್ತಿ ಮೌಲ್ಯಕ್ಕೆ 75 ಸೆಂಟಿನವರೆಗೆ ತೆರಿಗೆ ವಿಧಿಸಬಹುದು. ಅಂದರೆ 1 ಲಕ್ಷ ಡಾಲರು ಮೌಲ್ಯದ ಮನೆಗೆ ವರ್ಷಕ್ಕೆ ಗರಿಷ್ಠ 750 ಡಾಲರು. ಇದಕ್ಕೆ ಪ್ರತಿಯಾಗಿ ತನ್ನ ವ್ಯಾಪ್ತಿಯ ನಿರ್ಗತಿಕರ ಚಿಕಿತ್ಸೆಯ ಪೂರ್ಣ ಹೊಣೆಯನ್ನು ಅದು ಹೊರಬೇಕು. ಡಲ್ಲಾಸಿನ ಪಾರ್ಕ್‌ಲ್ಯಾಂಡ್ ಆಸ್ಪತ್ರೆ ಈ ಪದ್ಧತಿಯಲ್ಲಿ ನಡೆಯುವ ಪ್ರಸಿದ್ಧ ಸಂಸ್ಥೆ.

ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ ಮತದಾರರು ಇಂತಹ ತೆರಿಗೆಯನ್ನು ಪದೇ ಪದೇ ತಿರಸ್ಕರಿಸಿದ್ದರು. ಆ ಸಮಯದಲ್ಲಿ ಡಚ್ ಮೂಲದ ಕಾದಂಬರಿಕಾರ ಯಾನ್ ಡೆ ಹಾರ್ಟೊಗ್ ಮತ್ತು ಅವರ ಪತ್ನಿ ಅಲ್ಲಿನ ಜೆಫರ್ಸನ್ ಡೇವಿಸ್ ಧರ್ಮಾಸ್ಪತ್ರೆಯಲ್ಲಿ ಸ್ವಯಂಸೇವಕರಾಗಿ ದುಡಿದರು. ಸಿಬ್ಬಂದಿಯ ಕೊರತೆ, ಇಕ್ಕಟ್ಟು, ಆರೈಕೆಯಿಲ್ಲದ ರೋಗಿಗಳು ಇವುಗಳನ್ನು ಕಂಡ ಡೆ ಹಾರ್ಟೊಗ್ ತಮ್ಮ ಅನುಭವವನ್ನು 1964ರಲ್ಲಿ ‘ದಿ ಹಾಸ್ಪಿಟಲ್’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಅದು ದೇಶದ ಗಮನ ಸೆಳೆಯಿತು. ನೂರಾರು ನಾಗರಿಕರು ಆಸ್ಪತ್ರೆಯ ಸೇವೆಗೆ ಮುಂದೆ ಬಂದರು. 1965ರ ಮತದಾನದಲ್ಲಿ ಹ್ಯಾರಿಸ್ ಕೌಂಟಿಯ ಜನರು ಆಸ್ಪತ್ರೆ ಜಿಲ್ಲೆಗೂ ಅದರ ತೆರಿಗೆಗೂ ಒಪ್ಪಿಗೆ ಕೊಟ್ಟರು. ತೆರಿಗೆಯ ದರದ ಕುರಿತ ಚರ್ಚೆ ಸಾಧಿಸದುದನ್ನು ವಾರ್ಡಿನ ಒಳಗಿನ ಸ್ಥಿತಿಯ ವಿವರಣೆ ಸಾಧಿಸಿದುದಕ್ಕೆ ಈ ಪ್ರಸಂಗವನ್ನು ನಿದರ್ಶನವಾಗಿ ಹೇಳಲಾಗುತ್ತದೆ.

ಆದರೆ ಟೆಕ್ಸಾಸಿನಲ್ಲಿ ಈ ತೆರಿಗೆಯನ್ನು ರಾಜ್ಯಮಟ್ಟಕ್ಕೆ ಏರಿಸುವ ದಾರಿ ಮುಚ್ಚಿದೆ. 1982ರ ತಿದ್ದುಪಡಿಯು ರಾಜ್ಯ ಸರ್ಕಾರವು ಯಾವುದೇ ಆಸ್ತಿಯ ಮೌಲ್ಯದ ಮೇಲೆ ತೆರಿಗೆ ವಿಧಿಸುವುದನ್ನು ನಿಷೇಧಿಸಿತು. ಪರಿಣಾಮವಾಗಿ ದೊಡ್ಡ ನಗರದ ನಿವಾಸಿಗೆ ದೊರೆಯುವ ಸೌಲಭ್ಯವು ಪಕ್ಕದ ಗ್ರಾಮೀಣ ಕೌಂಟಿಯ ನಿವಾಸಿಗೆ ದೊರೆಯುತ್ತದೆಂಬ ಖಾತರಿಯಿಲ್ಲ.

ಕ್ಯಾಲಿಫೋರ್ನಿಯ: ಮಿತಿ ಹಾಕಿದ ಮತದಾರರು

1978ರ ಜೂನ್ 6ರಂದು ಕ್ಯಾಲಿಫೋರ್ನಿಯದ ಮತದಾರರು 13ನೆಯ ಪ್ರಸ್ತಾವವನ್ನು ಸುಮಾರು ಶೇ. 65ರಷ್ಟು ಬಹುಮತದಿಂದ ಅಂಗೀಕರಿಸಿದರು. ಇದರಿಂದ ಆಸ್ತಿ ತೆರಿಗೆಯು ನಿರ್ಧರಿತ ಮೌಲ್ಯದ ಶೇ. 1ಕ್ಕೆ ಸೀಮಿತವಾಯಿತು. ಆಸ್ತಿಯು ಮಾರಾಟವಾಗುವವರೆಗೆ ಆ ಮೌಲ್ಯವನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚಿಸುವಂತಿಲ್ಲ. ಮನೆಗಳ ಬೆಲೆ ವೇಗವಾಗಿ ಏರಿ, ನಿವೃತ್ತರು ತಮ್ಮ ಸ್ವಂತ ಮನೆಯ ತೆರಿಗೆ ಕಟ್ಟಲಾರದ ಸ್ಥಿತಿಗೆ ಬಂದಿದ್ದುದು ಈ ಪ್ರಸ್ತಾವದ ಗೆಲುವಿಗೆ ಮುಖ್ಯ ಕಾರಣಗಳಲ್ಲಿ ಒಂದು. ಇತ್ತ ಬಡರೋಗಿಗಳ ಚಿಕಿತ್ಸೆಯ ಹೊಣೆಯನ್ನು ರಾಜ್ಯದ ಕಾನೂನು ಕೌಂಟಿಗಳ ಮೇಲೆಯೇ ಇರಿಸಿತ್ತು. ಹೊಣೆ ಉಳಿಯಿತು, ವರಮಾನ ಕುಗ್ಗಿತು. ಕೊರತೆಯನ್ನು ತುಂಬಲು ಕೌಂಟಿಗಳು ರಾಜ್ಯ ಸರ್ಕಾರದ ನೆರವನ್ನು ಅವಲಂಬಿಸಬೇಕಾಯಿತು.

ಆದರೂ ಉದ್ದೇಶ ಸ್ಪಷ್ಟವಾಗಿದ್ದಾಗ ಅದೇ ಮತದಾರರು ಹೊಸ ತೆರಿಗೆಗೆ ಒಪ್ಪಿದ ಉದಾಹರಣೆಯೂ ಇದೆ. 2002ರ ನವೆಂಬರಿನಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಅಪಘಾತ ಮತ್ತು ತುರ್ತು ಚಿಕಿತ್ಸಾ ಕೇಂದ್ರಗಳು ಹಣವಿಲ್ಲದೆ ಮುಚ್ಚುವ ಭೀತಿ ಎದುರಾದಾಗ ‘ಮೆಷರ್ ಬಿ’ ಎಂಬ ಪ್ರಸ್ತಾವವನ್ನು ಜನರ ಮುಂದಿಡಲಾಯಿತು. ಕಟ್ಟಡದ ಪ್ರತಿ ಚದರ ಅಡಿಗೆ 3 ಸೆಂಟ್ ತೆರಿಗೆ, ಅಂದರೆ 1,500 ಚದರ ಅಡಿಯ ಮನೆಗೆ ವರ್ಷಕ್ಕೆ 45 ಡಾಲರು. ವಿಶೇಷ ತೆರಿಗೆಗೆ ಬೇಕಾದ ಮೂರನೆಯ ಎರಡರಷ್ಟು ಬಹುಮತವನ್ನು ಮೀರಿ ಅದು ಗೆದ್ದಿತು. ಅಪಘಾತ ಚಿಕಿತ್ಸಾ ಕೇಂದ್ರವು ಸಿರಿವಂತನಿಗೂ ಬಡವನಿಗೂ ಒಂದೇ ರೀತಿ ಬೇಕಾಗುವಂಥದು ಎಂಬುದು ಪ್ರಸ್ತಾವದ ಬೆಂಬಲಿಗರ ಮುಖ್ಯ ವಾದವಾಗಿತ್ತು.

ಐಡಾಹೊ: ಕೌಂಟಿಯಿಂದ ಒಕ್ಕೂಟಕ್ಕೆ

ಐಡಾಹೊ ರಾಜ್ಯದಲ್ಲಿ ಆಸ್ಪತ್ರೆಯ ಬಿಲ್ಲು ಕಟ್ಟಲಾರದ ನಿವಾಸಿಯ ಪರವಾಗಿ ಪ್ರತಿ ಪ್ರಕರಣದಲ್ಲಿ ಮೊದಲ 11 ಸಾವಿರ ಡಾಲರನ್ನು ಕೌಂಟಿಯು ಆಸ್ತಿ ತೆರಿಗೆಯಿಂದಲೂ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ರಾಜ್ಯದ ನಿಧಿಯೊಂದು ಸಹ ಕೊಡುವ ಪದ್ಧತಿಯಿತ್ತು. ಈ ನೆರವು ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ ಬಳಿಕ ಸಿಗುತ್ತಿತ್ತೇ ಹೊರತು ಮೊದಲೇ ವೈದ್ಯರನ್ನು ಕಾಣಲು ಒದಗುತ್ತಿರಲಿಲ್ಲ. 2010ರ ಆರೋಗ್ಯ ಕಾನೂನು ಮೆಡಿಕೇಡನ್ನು ಇನ್ನಷ್ಟು ಬಡವರಿಗೆ ವಿಸ್ತರಿಸಲು ಏರ್ಪಾಡು ಮಾಡಿತ್ತು. ಆ ವಿಸ್ತರಣೆಯು ರಾಜ್ಯಗಳ ಇಚ್ಛೆಗೆ ಬಿಟ್ಟದ್ದೆಂದು ಸುಪ್ರೀಂ ಕೋರ್ಟು 2012ರಲ್ಲಿ ತೀರ್ಪಿತ್ತಿತು. 2018ರಲ್ಲಿ ಐಡಾಹೊದ ಮತದಾರರು ಸುಮಾರು ಶೇ. 61ರಷ್ಟು ಮತಗಳಿಂದ ವಿಸ್ತರಣೆಯನ್ನು ಒಪ್ಪಿದರು. 2020ರ ಜನವರಿಯಿಂದ ಅದು ಜಾರಿಗೆ ಬಂದಿತು. ವಿಸ್ತರಣೆಯ ವೆಚ್ಚದ ಶೇ. 90ರಷ್ಟನ್ನು ಒಕ್ಕೂಟ ಸರ್ಕಾರ ಭರಿಸುವುದರಿಂದ, ಅದುವರೆಗೆ ಮನೆಮಾಲೀಕರ ಮೇಲಿದ್ದ ಹೊರೆಯ ದೊಡ್ಡ ಭಾಗ ಇಡೀ ದೇಶದ ತೆರಿಗೆದಾರರಿಗೆ ಹಂಚಿಹೋಯಿತು.

ಶಾಲೆಗಳ ನಿದರ್ಶನ

ರಾಜ್ಯವ್ಯಾಪಿ ಆಸ್ತಿ ತೆರಿಗೆಯು ಅಮೆರಿಕದಲ್ಲಿ ಆರೋಗ್ಯಕ್ಕಿಂತ ಶಿಕ್ಷಣಕ್ಕೆ ಹೆಚ್ಚು ಬಳಕೆಯಾಗಿದೆ. ಮಿಷಿಗನ್ ರಾಜ್ಯವು 1994ರಲ್ಲಿ ಸ್ಥಳೀಯ ಶಾಲಾ ತೆರಿಗೆಯನ್ನು ತಗ್ಗಿಸಿ, 1,000 ಡಾಲರು ತೆರಿಗೆಯೋಗ್ಯ ಮೌಲ್ಯಕ್ಕೆ 6 ಡಾಲರಿನಂತೆ ರಾಜ್ಯವ್ಯಾಪಿ ಶಿಕ್ಷಣ ತೆರಿಗೆಯನ್ನು ವಿಧಿಸಿತು. ಜೊತೆಗೆ ಮಾರಾಟ ತೆರಿಗೆಯನ್ನು ಶೇ. 4ರಿಂದ 6ಕ್ಕೆ ಏರಿಸಿತು. ವರ್ಮಾಂಟ್ ರಾಜ್ಯವು ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಅನುಸರಿಸಿ 1997ರಲ್ಲಿ ಇದೇ ಬಗೆಯ ವ್ಯವಸ್ಥೆ ಮಾಡಿತು. ಮಗುವಿನ ಕಲಿಕೆಯು ಅದು ಹುಟ್ಟಿದ ಊರಿನ ಮನೆಬೆಲೆಯನ್ನು ಅವಲಂಬಿಸಬಾರದು ಎಂಬ ತತ್ತ್ವ ಇಲ್ಲಿ ಒಪ್ಪಿತವಾಗಿದೆ. ರೋಗಿಯ ಚಿಕಿತ್ಸೆಗೂ ಅದೇ ತತ್ತ್ವ ಅನ್ವಯಿಸಬೇಕೆಂದು ರಾಜ್ಯವ್ಯಾಪಿ ಆರೋಗ್ಯ ತೆರಿಗೆಯನ್ನು ಬಯಸುವವರು ವಾದಿಸುತ್ತಾರೆ.

ಕರ್ನಾಟಕ

ಸಂವಿಧಾನದ ಹಿನ್ನೆಲೆ

ಭಾರತ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 6ನೆಯ ಅಂಶವು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ಮತ್ತು ಔಷಧಾಲಯಗಳಿಗೂ, 49ನೆಯ ಅಂಶವು ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆಗೂ ಸಂಬಂಧಿಸಿವೆ. ಹೊಣೆ ಮತ್ತು ತೆರಿಗೆಯ ಅಧಿಕಾರ ಎರಡೂ ರಾಜ್ಯಕ್ಕೇ ಸೇರಿವೆ. ವಾಸ್ತವದಲ್ಲಿ ಆಸ್ತಿ ತೆರಿಗೆಯನ್ನು ನಗರಗಳಲ್ಲಿ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆಗಳೂ ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿಗಳೂ ವಿಧಿಸಿ ವಸೂಲು ಮಾಡುತ್ತವೆ. 73 ಮತ್ತು 74ನೆಯ ತಿದ್ದುಪಡಿಗಳಿಂದ ಸೇರ್ಪಡೆಯಾದ ಅನುಸೂಚಿಗಳು ಆರೋಗ್ಯ ಮತ್ತು ನೈರ್ಮಲ್ಯವನ್ನು ಈ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿವೆ.

ಆರೋಗ್ಯ ಕರ

ರಾಜ್ಯವು ಇನ್ನೂ ಮೈಸೂರು ಎಂಬ ಹೆಸರಿನಲ್ಲಿದ್ದಾಗ ಜಾರಿಗೆ ಬಂದ 1962ರ ಆರೋಗ್ಯ ಕರ ಕಾಯಿದೆಯು ಭೂಕಂದಾಯದ ಮೇಲೂ ಸ್ಥಳೀಯ ಸಂಸ್ಥೆಗಳು ವಿಧಿಸುವ ಭೂಮಿ ಮತ್ತು ಕಟ್ಟಡ ತೆರಿಗೆಯ ಮೇಲೂ ಹೆಚ್ಚುವರಿ ಕರವನ್ನು ವಿಧಿಸುತ್ತದೆ. ಮನೆ ತೆರಿಗೆಯ ರಸೀದಿಯಲ್ಲಿ ಕಾಣುವ ಆರೋಗ್ಯ ಕರ ಇದೇ. ಇದರ ದರ ತೆರಿಗೆಯ ಶೇ. 15. ಇದರೊಡನೆ ಗ್ರಂಥಾಲಯ ಕರ ಶೇ. 6 ಮತ್ತು ಭಿಕ್ಷುಕರ ಕರ ಶೇ. 3 ಸೇರಿ ಒಟ್ಟು ಶೇ. 24 ಆಗುತ್ತದೆ. 1,000 ರೂಪಾಯಿ ತೆರಿಗೆಯಿರುವ ಮನೆಯವರು 150 ರೂಪಾಯಿ ಆರೋಗ್ಯ ಕರವನ್ನೂ 60 ರೂಪಾಯಿ ಗ್ರಂಥಾಲಯ ಕರವನ್ನೂ 30 ರೂಪಾಯಿ ಭಿಕ್ಷುಕರ ಕರವನ್ನೂ ಸೇರಿಸಿ 1,240 ರೂಪಾಯಿ ಕಟ್ಟಬೇಕಾಗುತ್ತದೆ.

ಈ ಕರವು ಸ್ವತಂತ್ರ ತೆರಿಗೆಯಲ್ಲ, ಮೂಲ ತೆರಿಗೆಯನ್ನು ಆಶ್ರಯಿಸಿ ನಿಂತದ್ದು. ಮೂಲ ತೆರಿಗೆ ಹೆಚ್ಚಿದರೆ ಇದೂ ಹೆಚ್ಚುತ್ತದೆ. ಅದರ ವಸೂಲಿ ಕುಂಠಿತವಾದರೆ ಇದೂ ಕುಂಠಿತವಾಗುತ್ತದೆ. ಇದರ ಕಾನೂನಾತ್ಮಕ ಪರಿಣಾಮವು 1966ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಶಿಂಧೆ ಬ್ರದರ್ಸ್ ವಿರುದ್ಧ ರಾಯಚೂರು ಜಿಲ್ಲಾಧಿಕಾರಿ ಪ್ರಕರಣದಲ್ಲಿ ಹೆಂಡ, ಸಾರಾಯಿ ಗುತ್ತಿಗೆದಾರರು ಸರ್ಕಾರಕ್ಕೆ ಕೊಡುವ ಅಂಗಡಿ ಬಾಡಿಗೆಯ ಮೇಲೆ ಆರೋಗ್ಯ ಕರ ಕೇಳಿದ್ದನ್ನು ಪ್ರಶ್ನಿಸಲಾಗಿತ್ತು. ಅಂಗಡಿ ಬಾಡಿಗೆಯು ಅಬಕಾರಿ ಸುಂಕವಲ್ಲ, ಆದ್ದರಿಂದ ಅದರ ಮೇಲೆ ಆರೋಗ್ಯ ಕರ ಸಲ್ಲದು ಎಂದು ನ್ಯಾಯಾಲಯ ತೀರ್ಮಾನಿಸಿತು. ಆಶ್ರಯ ಮರವಿಲ್ಲದ ಕಡೆ ಬಳ್ಳಿ ಹಬ್ಬಲಾರದು ಎಂಬುದು ಇದರ ತಾತ್ಪರ್ಯ.

ಭೂಕಂದಾಯವು ಇಂದು ರಾಜ್ಯದ ವರಮಾನದಲ್ಲಿ ಅತ್ಯಲ್ಪ ಪಾಲನ್ನು ಮಾತ್ರ ಹೊಂದಿದೆ. ಹಾಗಾಗಿ ಅದರ ಮೇಲಿನ ಕರವೂ ಅಲ್ಪ. ಕಟ್ಟಡ ತೆರಿಗೆಯ ಮೇಲಿನ ಕರವು ನಗರಗಳಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಹೆಚ್ಚು ಹುಟ್ಟುತ್ತದೆ. ಇಂಗ್ಲೆಂಡಿನ ಪ್ಯಾರಿಷ್ ಮತ್ತು ಅಮೆರಿಕದ ಕೌಂಟಿಗಳಲ್ಲಿ ಕಂಡ ಅಸಮತೆ ಇಲ್ಲಿಯೂ ಇದೆ. ಆದರೆ ಕರದ ದರವನ್ನು ಇಡೀ ರಾಜ್ಯಕ್ಕೆ ಒಂದೇ ಕಾಯಿದೆ ನಿಗದಿಪಡಿಸಿರುವುದರಿಂದ, ಹಂಚಿಕೆಯನ್ನೂ ರಾಜ್ಯಮಟ್ಟದಲ್ಲಿ ಮಾಡುವುದು ತಾತ್ತ್ವಿಕವಾಗಿ ಸಾಧ್ಯವಿದೆ.

ಆರೋಗ್ಯ ವಿಮಾ ಯೋಜನೆಗಳು

ಕರ್ನಾಟಕದ ಆರೋಗ್ಯ ವಿಮಾ ಯೋಜನೆಗಳು ಆರೋಗ್ಯ ಕರಕ್ಕಿಂತ ಬೇರೆಯಾದ ದಾರಿಯಲ್ಲಿ ಬೆಳೆದಿವೆ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ಸದಸ್ಯರಾದ ರೈತರ ಅಲ್ಪ ವಂತಿಗೆ ಹಾಗೂ ಸರ್ಕಾರದ ಸಹಾಯಧನದಿಂದ ನಡೆಯಿತು. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಗಂಭೀರ ಕಾಯಿಲೆಗಳ ಚಿಕಿತ್ಸೆಯನ್ನು ಒದಗಿಸಿತು. 2018ರಲ್ಲಿ ಇಂತಹ ಯೋಜನೆಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಹೆಸರಿನಲ್ಲಿ ಒಂದುಗೂಡಿದವು. ಅದರಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯವಿದೆ. ಉಳಿದ ಕುಟುಂಬಗಳಿಗೆ ಚಿಕಿತ್ಸಾ ದರದ ಶೇ. 30ರಷ್ಟನ್ನು ಸರ್ಕಾರವು ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ಭರಿಸುತ್ತದೆ. ಈ ವೆಚ್ಚಕ್ಕೆ ಹಣವು ಕೇಂದ್ರ ಮತ್ತು ರಾಜ್ಯಗಳ ಆಯವ್ಯಯದಿಂದ ಬರುತ್ತದೆ.

ಹದಿನೈದನೆಯ ಹಣಕಾಸು ಆಯೋಗ

ಆಸ್ತಿ ತೆರಿಗೆ ಮತ್ತು ಆರೋಗ್ಯ ಎರಡೂ ಒಂದೇ ವರದಿಯಲ್ಲಿ ಸಂಧಿಸಿದ್ದು ಹದಿನೈದನೆಯ ಹಣಕಾಸು ಆಯೋಗದ ಶಿಫಾರಸಿನಲ್ಲಿ. ನಗರ ಸ್ಥಳೀಯ ಸಂಸ್ಥೆಗಳು ಅನುದಾನ ಪಡೆಯಬೇಕಾದರೆ ರಾಜ್ಯಗಳು ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಪ್ರಕಟಿಸಬೇಕೆಂದೂ, ವಸೂಲಿಯು ರಾಜ್ಯದ ಉತ್ಪನ್ನದ ಬೆಳವಣಿಗೆಗೆ ಸಮನಾಗಿ ಹೆಚ್ಚಬೇಕೆಂದೂ ಆಯೋಗ ಷರತ್ತು ವಿಧಿಸಿತು. ಅದೇ ವರದಿಯಲ್ಲಿ 2021ರಿಂದ 2026ರವರೆಗಿನ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯ ಕ್ಷೇತ್ರಕ್ಕೆ ಒಟ್ಟು 70,051 ಕೋಟಿ ರೂಪಾಯಿ ಅನುದಾನವನ್ನು ಶಿಫಾರಸು ಮಾಡಿತು.

ಪರವಾದ ವಾದಗಳು

ಆಸ್ತಿ ತೆರಿಗೆಯ ಮೊದಲ ಗುಣ ಸ್ಥಿರತೆ. ಆರ್ಥಿಕ ಹಿಂಜರಿತದ ಕಾಲದಲ್ಲಿ ಜನರ ಆದಾಯ ಮತ್ತು ಖರೀದಿ ಕುಗ್ಗಿ, ಆದಾಯ ತೆರಿಗೆ ಹಾಗೂ ಮಾರಾಟ ತೆರಿಗೆ ಬೇಗನೆ ಇಳಿಯುತ್ತವೆ. ಕೆಲಸ ಕಳೆದುಕೊಂಡವರು ಸರ್ಕಾರಿ ಆಸ್ಪತ್ರೆಗೆ ಹೆಚ್ಚಾಗಿ ಬರುವುದೂ ಅದೇ ಸಮಯದಲ್ಲಿ. ಆಸ್ತಿಯ ನಿರ್ಧರಿತ ಮೌಲ್ಯವು ಅಷ್ಟು ಬೇಗ ಬದಲಾಗುವುದಿಲ್ಲ.

ಎರಡನೆಯದು, ಭೂಮಿಯನ್ನು ಬಚ್ಚಿಡಲು ಅಥವಾ ಬೇರೆಡೆಗೆ ಸಾಗಿಸಲು ಆಗದು. ಹೊರ ಊರಿನಲ್ಲಿರುವ ಮಾಲೀಕನೂ, ದೊಡ್ಡ ವಾಣಿಜ್ಯ ಸಂಸ್ಥೆಯೂ ತೆರಿಗೆ ಕಟ್ಟಲೇಬೇಕು.

ಮೂರನೆಯದು, ಸಾರ್ವಜನಿಕ ಆರೋಗ್ಯದ ಸುಧಾರಣೆಯು ಆಸ್ತಿಯ ಬೆಲೆಗೂ ನೆರವಾಗುತ್ತದೆ. ಚರಂಡಿ, ಶುದ್ಧ ನೀರು, ಹತ್ತಿರದ ಆಸ್ಪತ್ರೆ ಇರುವ ಬಡಾವಣೆಯ ನಿವೇಶನಕ್ಕೆ ಬೆಲೆ ಹೆಚ್ಚು. ಆ ಹೆಚ್ಚಳದ ಒಂದಂಶವನ್ನು ಸಮಾಜಕ್ಕೆ ಮರಳಿಸುವುದು ನ್ಯಾಯವೆಂದು ಬೆಂಬಲಿಗರು ಹೇಳುತ್ತಾರೆ.

ವಿರೋಧದ ವಾದಗಳು

ಆಸ್ತಿಯಿದ್ದ ಮಾತ್ರಕ್ಕೆ ಕೈಯಲ್ಲಿ ಹಣವಿರುತ್ತದೆಂದು ಹೇಳಲಾಗದು. ಹಿಂದೆ ಕಟ್ಟಿಸಿದ ಮನೆಯಲ್ಲಿ ಪಿಂಚಣಿಯಿಂದಲೋ ಮಕ್ಕಳ ನೆರವಿನಿಂದಲೋ ಬಾಳುವ ವೃದ್ಧರಿಗೆ ಸುತ್ತಲಿನ ಬೆಲೆ ಏರಿದ್ದರಿಂದ ಯಾವ ನಗದೂ ಬರುವುದಿಲ್ಲ, ತೆರಿಗೆ ಮಾತ್ರ ಹೆಚ್ಚುತ್ತದೆ. ಔಷಧಿಗೆ ಖರ್ಚು ಮಾಡಬೇಕಾದವರೂ ಹೆಚ್ಚಾಗಿ ಇವರೇ. ಆರೋಗ್ಯಕ್ಕೆಂದು ವಿಧಿಸಿದ ತೆರಿಗೆಯು ಅವರ ಔಷಧಿಯ ಹಣವನ್ನೇ ಕಿತ್ತುಕೊಂಡರೆ ಅದರ ಉದ್ದೇಶ ಸೋಲುತ್ತದೆ.

ಬಾಡಿಗೆದಾರರು ತೆರಿಗೆಯಿಂದ ಪಾರಾಗುತ್ತಾರೆಂಬುದೂ ಪೂರ್ಣ ನಿಜವಲ್ಲ. ಬೇಡಿಕೆ ಹೆಚ್ಚಿರುವ ಊರುಗಳಲ್ಲಿ ಮಾಲೀಕನು ತೆರಿಗೆಯ ಒಂದು ಭಾಗವನ್ನಾದರೂ ಬಾಡಿಗೆಗೆ ಸೇರಿಸಬಲ್ಲನು. ಕೃಷಿಭೂಮಿಯ ಮೌಲ್ಯದ ಮೇಲೆ ತೆರಿಗೆ ಬಿದ್ದಲ್ಲಿ, ಬೆಳೆ ಕೈಕೊಟ್ಟ ವರ್ಷವೂ ರೈತನು ಅದನ್ನು ಕಟ್ಟಬೇಕಾಗುತ್ತದೆ.

ಮೌಲ್ಯ ನಿರ್ಧಾರದಲ್ಲಿನ ಲೋಪಗಳು ಇನ್ನೊಂದು ತೊಡಕು. ಒಂದೇ ಬೀದಿಯ ಎರಡು ಸಮಾನ ಮನೆಗಳಿಗೆ ಬೇರೆಬೇರೆ ತೆರಿಗೆ ಇದ್ದರೆ, ರಾಜ್ಯವ್ಯಾಪಿ ಕರವು ಆ ಅನ್ಯಾಯವನ್ನು ಇಮ್ಮಡಿಗೊಳಿಸುತ್ತದೆ. ಪ್ರಾಮಾಣಿಕವಾಗಿ ಅಳತೆ ಘೋಷಿಸಿದ ಊರು ಹೆಚ್ಚು ಕೊಟ್ಟು, ಕಡಿಮೆ ತೋರಿಸಿದ ಊರು ಕಡಿಮೆ ಕೊಡುವ ಅಪಾಯವೂ ಇದೆ.

ಪರಿಹಾರೋಪಾಯಗಳು

ಹೊರೆಯನ್ನು ಹಗುರಗೊಳಿಸಲು ವಿವಿಧ ಸರ್ಕಾರಗಳು ಕೆಲವು ಕ್ರಮಗಳನ್ನು ಅನುಸರಿಸಿವೆ. ವಿಸ್ಕಾನ್ಸಿನ್ ರಾಜ್ಯವು 1964ರಲ್ಲಿ ಆರಂಭಿಸಿದ ಪದ್ಧತಿಯ ಪ್ರಕಾರ, ಆಸ್ತಿ ತೆರಿಗೆಯು ಕುಟುಂಬದ ಆದಾಯದ ನಿಗದಿತ ಪ್ರಮಾಣವನ್ನು ಮೀರಿದರೆ ಹೆಚ್ಚಿನ ಭಾಗಕ್ಕೆ ರಾಜ್ಯವು ಪರಿಹಾರ ಕೊಡುತ್ತದೆ. ಇದನ್ನು ಅನೇಕ ರಾಜ್ಯಗಳು ಅನುಸರಿಸಿದವು. ಟೆಕ್ಸಾಸಿನಲ್ಲಿ 65 ವರ್ಷ ಮೀರಿದವರು ತಮ್ಮ ವಾಸದ ಮನೆಯ ತೆರಿಗೆಯನ್ನು ಬಡ್ಡಿಯೊಡನೆ ಮುಂದೂಡಬಹುದು. ಮನೆ ಕೈಬದಲಾದ ಬಳಿಕ ಬಾಕಿ ಸಲ್ಲಬೇಕಾಗುತ್ತದೆ. ಬೆಂಗಳೂರಿನಲ್ಲಿ ಸ್ವಂತ ವಾಸದ ಮನೆಗೆ ಬಾಡಿಗೆಗೆ ಕೊಟ್ಟ ಮನೆಗಿಂತ ಕಡಿಮೆ ದರವಿದೆ.

ಹಣವು ಉದ್ದೇಶಕ್ಕೇ ಸಲ್ಲುವಂತೆ ಮಾಡುವುದು ಹೊರೆ ಇಳಿಸುವುದರಷ್ಟೇ ಮುಖ್ಯ. ಭಾರತದಲ್ಲಿ 2018–19ರಿಂದ ಆದಾಯ ತೆರಿಗೆಯ ಮೇಲೆ ಶೇ. 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಉಪಕರವನ್ನು ಕೇಂದ್ರವು ವಿಧಿಸುತ್ತಿದೆ. ಅದರಲ್ಲಿ ಆರೋಗ್ಯದ ಪಾಲನ್ನು ಪ್ರತ್ಯೇಕವಾಗಿರಿಸಲು, ವರ್ಷ ಮುಗಿದರೂ ರದ್ದಾಗದ ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ನಿಧಿಗೆ 2021ರಲ್ಲಿ ಒಪ್ಪಿಗೆ ನೀಡಲಾಯಿತು. ಪ್ರತ್ಯೇಕ ನಿಧಿಯಿದ್ದಾಗ ಎಷ್ಟು ಬಂದಿತು, ಎಷ್ಟು ಖರ್ಚಾಯಿತು ಎಂಬುದನ್ನು ಪರಿಶೀಲಿಸುವುದು ಸುಲಭ. ಆದರೆ ಪ್ರತ್ಯೇಕ ನಿಧಿಯೂ ಪೂರ್ಣ ಖಾತರಿಯಲ್ಲ. ಹೊಸ ಕರದಿಂದ ಬಂದಷ್ಟು ಹಣವನ್ನು ಸಾಮಾನ್ಯ ಆಯವ್ಯಯದ ಆರೋಗ್ಯ ಭಾಗದಿಂದ ಕಡಿತಗೊಳಿಸಿದರೆ ಆಸ್ಪತ್ರೆಗೆ ಒಟ್ಟಿನಲ್ಲಿ ಏನೂ ಹೆಚ್ಚು ಸಿಗುವುದಿಲ್ಲ. ಈ ಕಾರಣದಿಂದ, ಹೊಸ ಕರವು ಹಳೆಯ ಅನುದಾನಕ್ಕೆ ಪೂರಕವಾಗಿರಬೇಕೇ ಹೊರತು ಬದಲಿಯಾಗಬಾರದೆಂಬ ನಿಯಮವನ್ನು ಕಾನೂನಿನಲ್ಲೇ ಸೇರಿಸಬೇಕೆಂಬುದು ಸಾರ್ವಜನಿಕ ಹಣಕಾಸಿನ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುವ ಸಲಹೆ.

ಮೌಲ್ಯಮಾಪನ

ಮೇಲಿನ ನಿದರ್ಶನಗಳಲ್ಲಿ ಕೆಲವು ಸಮಾನ ಅಂಶಗಳು ಕಾಣುತ್ತವೆ. ಚಿಕಿತ್ಸೆಯ ಹೊಣೆ ಮತ್ತು ತೆರಿಗೆಯ ಅಧಿಕಾರ ಬೇರೆಬೇರೆ ಕೈಗಳಲ್ಲಿದ್ದಾಗ, ನ್ಯೂಯಾರ್ಕಿನಲ್ಲಿ ಆದಂತೆ, ಅಸಮಾಧಾನ ಬೆಳೆಯುತ್ತದೆ. ವೃದ್ಧರು ಮತ್ತು ಕಡಿಮೆ ಆದಾಯದ ಮಾಲೀಕರಿಗೆ ರಕ್ಷಣೆಯಿಲ್ಲದಿದ್ದರೆ, ಕ್ಯಾಲಿಫೋರ್ನಿಯದಲ್ಲಿ ಆದಂತೆ, ಮತದಾರರು ಇಡೀ ತೆರಿಗೆಗೇ ಮಿತಿ ಹಾಕುತ್ತಾರೆ. ಅದರ ಪರಿಣಾಮವನ್ನು ಆಸ್ತಿಯೇ ಇಲ್ಲದ ರೋಗಿಯೂ ಅನುಭವಿಸುತ್ತಾನೆ. ಹಣದ ಉದ್ದೇಶ ಕಣ್ಣಿಗೆ ಕಾಣುವಂತಿದ್ದರೆ, ಹ್ಯಾರಿಸ್ ಮತ್ತು ಲಾಸ್ ಏಂಜಲೀಸ್ ಕೌಂಟಿಗಳಲ್ಲಿ ಆದಂತೆ, ಅದೇ ಮತದಾರರು ತಾವಾಗಿ ತೆರಿಗೆಗೆ ಒಪ್ಪುತ್ತಾರೆ.

ಆಸ್ತಿ ತೆರಿಗೆಯೊಂದರಿಂದಲೇ ಆಧುನಿಕ ಆರೋಗ್ಯ ವಿಮೆಯ ಪೂರ್ಣ ವೆಚ್ಚವನ್ನು ಭರಿಸುವುದು ಕಷ್ಟ. ಭಾರತದಲ್ಲಿ ಆಸ್ತಿ ತೆರಿಗೆಯ ಒಟ್ಟು ವಸೂಲಿಯು ದೇಶೀಯ ಉತ್ಪನ್ನದ ಶೇ. 1ಕ್ಕಿಂತ ಬಹಳ ಕಡಿಮೆಯಿದೆ. ಆದರೆ 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಸರ್ಕಾರಗಳ ಆರೋಗ್ಯ ವೆಚ್ಚವನ್ನು ಶೇ. 2.5ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತ್ತು. ಆದ್ದರಿಂದ ಇದು ಇತರ ತೆರಿಗೆಗಳಿಗೆ ಪೂರಕವಾಗಬಲ್ಲದೇ ಹೊರತು ಅವುಗಳ ಸ್ಥಾನವನ್ನು ತುಂಬಲಾರದು. ಆ ಪೂರಕ ಪಾಲನ್ನು ಯಾರಿಂದ ಪಡೆಯಬೇಕು, ಎಷ್ಟು ಜನರ ನಡುವೆ ಹಂಚಬೇಕು, ಯಾವ ಲೆಕ್ಕದಲ್ಲಿ ಇಡಬೇಕು ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರದ ಮೇಲೆ ಇದರ ನ್ಯಾಯ ನಿಂತಿದೆ.

ಇವನ್ನೂ ನೋಡಿ

- ಆಸ್ತಿ ತೆರಿಗೆ
- ಭೂಕಂದಾಯ
- ಮೆಡಿಕೇಡ್
- ಯಶಸ್ವಿನಿ ಆರೋಗ್ಯ ರಕ್ಷಣಾ ಯೋಜನೆ
- ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ
- ಹಣಕಾಸು ಆಯೋಗ